‘ಪ್ರವೇಶ ಉಚಿತ’ ಅನ್ನೋದರ ಖಾತೆ ಯಾರ ಹೆಸರಲ್ಲಿದೆ? ಗಾಜಿನ ಊರಿನ ಒಂದು ಮ್ಯೂಸಿಯಂ ಕಥೆ

ಈ ಸಂಚಿಕೆ ಶುರುವಾಗಿದ್ದು ಒಂದು ವಾಟ್ಸಾಪ್ ವಿಡಿಯೊದಿಂದ.

ನಮ್ಮ ದೊಡ್ಡಪ್ಪನ ಮಗಳು, ನನಗೆ ಅಕ್ಕ, ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದಾರೆ. ಒಂದು ಭಾನುವಾರ ಮಗಳನ್ನು ಕರ್ಕೊಂಡು ಪಕ್ಕದ ರಾಜ್ಯದ ಟೊಲೀಡೊ ಅನ್ನೋ ಊರಿಗೆ ಹೋಗಿದ್ರು. ವಿಡಿಯೊದಲ್ಲಿ ಒಬ್ಬ ಉದ್ದನೆಯ ಕಬ್ಬಿಣದ ಕೊಳವೆಯ ತುದಿಯಲ್ಲಿ ಕೆಂಡದ ಹಾಗೆ ಹೊಳೆಯೋ ಗಾಜಿನ ಮುದ್ದೆ ಇಟ್ಕೊಂಡು ಊದುತ್ತಾ ಇದ್ದಾನೆ. ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಕೂತ ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾ ಇದ್ದಾರೆ. ಇನ್ನೊಬ್ಬರು ಮೈಕ್ ಹಿಡಿದು ಏನಾಗ್ತಿದೆ ಅಂತ ವಿವರಿಸ್ತಿದ್ದಾರೆ. ಇದು ಕಾರ್ಖಾನೆ ಅಲ್ಲ, ಕಲಾ ಮ್ಯೂಸಿಯಂ.

ನಾನು ಕೇಳಿದ ಮೊದಲ ಪ್ರಶ್ನೆ, “ಟಿಕೆಟ್ ಎಷ್ಟು ಅಕ್ಕ?”

“ಟಿಕೆಟ್ ಇಲ್ಲ ಕಣೋ. ಕಾರು ನಿಲ್ಸೋಕೆ ಮಾತ್ರ ದುಡ್ಡು ಕೊಟ್ವಿ.”

ಬಿಕಾಂ ಓದಿದವರಿಗೆ ಒಂದು ಚಾಳಿ ಇರುತ್ತೆ. ಎಲ್ಲಾದರೂ ‘ಪ್ರವೇಶ ಉಚಿತ’ ಅಂತ ಬೋರ್ಡ್ ಕಂಡ್ರೆ, ಹಾಗಾದ್ರೆ ಡೆಬಿಟ್ ಯಾವ ಖಾತೆಗೆ ಬಿತ್ತು ಅಂತ ತಲೆ ಓಡುತ್ತೆ. ಕುಲುಮೆಗೆ ಗ್ಯಾಸ್ ಬೇಕು, ಊದುವವನಿಗೆ ಸಂಬಳ ಬೇಕು, ಮೈಕ್ ಹಿಡಿದವರಿಗೂ ಬೇಕು. ಹಾಗಾಗಿ ಈ ವಾರ ಟೊಲೀಡೊ ಮ್ಯೂಸಿಯಂ ಆಫ್ ಆರ್ಟ್‌ನ ಇತಿಹಾಸವನ್ನು ಒಬ್ಬ ಲೆಕ್ಕಿಗನ ಕಣ್ಣಿಂದ ನೋಡೋಣ.

ಟೊಲೀಡೊ ಇರೋದು ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ಪಶ್ಚಿಮದ ಮೂಲೆಯಲ್ಲಿ. ಇದನ್ನ ‘ಗಾಜಿನ ನಗರ’ ಅಂತ ಕರೀತಾರೆ. ಆದರೆ ಗಾಜು ಅಲ್ಲೇ ಹುಟ್ಟಿದ್ದಲ್ಲ. ಎಡ್ವರ್ಡ್ ಡ್ರಮಂಡ್ ಲಿಬ್ಬಿ ಎಂಬ ಉದ್ಯಮಿ ತಂದೆಯಿಂದ ಬಂದ ಗಾಜಿನ ಕಾರ್ಖಾನೆಯನ್ನು ಮ್ಯಾಸಚೂಸೆಟ್ಸ್‌ನಲ್ಲಿ ನಡೆಸುತ್ತಿದ್ದರು. ಅಲ್ಲಿ ಇಂಧನ ದುಬಾರಿ, ಕಾರ್ಮಿಕರ ಮುಷ್ಕರ ಬೇರೆ. ಟೊಲೀಡೊ ಕಡೆ ನೈಸರ್ಗಿಕ ಅನಿಲ ಅಗ್ಗವಾಗಿ ಸಿಗುತ್ತಿತ್ತು. 1888ರಲ್ಲಿ ಕಾರ್ಖಾನೆಯನ್ನೇ ಎತ್ತಿಕೊಂಡು ಇಲ್ಲಿಗೆ ಬಂದರು. ಮುಂದೆ ಇವರು ಮಾಡಿದ ದಾನದ ಬಗ್ಗೆ ಮಾತಾಡ್ತೀವಿ, ಆದರೆ ಮುಷ್ಕರದಿಂದ ತಪ್ಪಿಸಿಕೊಳ್ಳೋದೂ ಇವರು ಊರು ಬಿಡೋಕೆ ಒಂದು ಕಾರಣ ಅನ್ನೋದನ್ನ ಮರೆಯೋದು ಬೇಡ.

1893ರಲ್ಲಿ ಷಿಕಾಗೊದಲ್ಲಿ ದೊಡ್ಡ ಜಾಗತಿಕ ಮೇಳ ನಡೆಯಿತು. ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಇದೇ ಮೇಳದ ಅಂಗವಾಗಿ. ಆ ಮೇಳದಲ್ಲಿ ಲಿಬ್ಬಿ ಒಂದು ಇಡೀ ಗಾಜಿನ ಕಾರ್ಖಾನೆಯನ್ನೇ ಪ್ರದರ್ಶನಕ್ಕೆ ಕಟ್ಟಿಸಿದ್ದರು. ಜನ ಮುಗಿಬಿದ್ದು ನೋಡಿದರು. ಗಾಜು ಊದುವುದನ್ನು ನೋಡೋಕೆ ಅಲ್ಲಿ ಶುಲ್ಕ ಇತ್ತು. ಅಲ್ಲೇ ಏನಾದರೂ ಕೊಂಡರೆ ಬೆಲೆಯಲ್ಲಿ ಅದನ್ನು ಮುರಿದುಕೊಳ್ಳುತ್ತಿದ್ದರು. ಪಕ್ಕಾ ವ್ಯಾಪಾರಸ್ಥ. ಇವತ್ತು ನಮ್ಮ ಅಕ್ಕನ ಮಗಳು ಬಿಟ್ಟಿ ನೋಡಿದ ಅದೇ ಆಟವನ್ನು, ಅದೇ ಮನುಷ್ಯ ಆವತ್ತು ದುಡ್ಡಿಗೆ ತೋರಿಸಿದ್ದರು.

ಈಗ ಈ ಕಥೆಯಲ್ಲಿ ಯಾರೂ ಜಾಸ್ತಿ ಮಾತಾಡದ ಭಾಗಕ್ಕೆ ಬರೋಣ. ಮಕ್ಕಳು.

ಆ ಕಾಲದ ಗಾಜಿನ ಕಾರ್ಖಾನೆ ನಡೆಯುತ್ತಿದ್ದುದೇ ಹುಡುಗರ ಮೇಲೆ. ಊದುವವನು ನುರಿತ ಕುಶಲಕರ್ಮಿ, ಒಳ್ಳೆ ಸಂಬಳ. ಅವನ ಕಾಲ ಬುಡದಲ್ಲಿ ಕೂತು ಅಚ್ಚು ತೆರೆದು ಮುಚ್ಚುವವನು ಒಬ್ಬ ಹುಡುಗ. ಬಿಸಿ ಬಾಟಲಿಯನ್ನು ತಣಿಸುವ ಒಲೆಗೆ ಓಡಿ ಓಡಿ ಒಯ್ಯುವವನು ಇನ್ನೊಬ್ಬ ಹುಡುಗ. ಕುಲುಮೆ ಆರಿಸೋ ಹಾಗಿಲ್ಲವಲ್ಲ, ಅದಕ್ಕೇ ರಾತ್ರಿ ಪಾಳಿಯೂ ಇತ್ತು. 1908ರಿಂದಾಚೆಗೆ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ ರಾಷ್ಟ್ರೀಯ ಬಾಲಕಾರ್ಮಿಕ ಸಮಿತಿಗಾಗಿ ಕ್ಯಾಮೆರಾ ಹಿಡಿದು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆದು ಇಂಥ ಹುಡುಗರ ಫೋಟೊ ತೆಗೆದರು. ಹುಡುಕಿ ನೋಡಿ. ಮಸಿ ಮೆತ್ತಿದ ಮುಖ, ವಯಸ್ಸಿಗೆ ಮೀರಿದ ಕಣ್ಣು. ಒಂದೆರಡು ನೋಡಿದ ಮೇಲೆ ನಾನು ಟ್ಯಾಬ್ ಮುಚ್ಚಿಬಿಟ್ಟೆ.

ಲಿಬ್ಬಿಯ ಕಾರ್ಖಾನೆಯಲ್ಲಿ ಮೈಕೆಲ್ ಓವೆನ್ಸ್ ಅಂತ ಒಬ್ಬ ಮೇಲ್ವಿಚಾರಕ ಇದ್ದರು. ವೆಸ್ಟ್ ವರ್ಜೀನಿಯಾದ ಬಡ ಕುಟುಂಬದವರು, ಹತ್ತನೇ ವಯಸ್ಸಿಗೇ ಗಾಜಿನ ಕಾರ್ಖಾನೆ ಸೇರಿದವರು. ಶಾಲೆ ಹೆಚ್ಚು ಕಂಡವರಲ್ಲ. ಈ ಮನುಷ್ಯ ಮನುಷ್ಯರ ಉಸಿರೇ ಬೇಡದೆ ಬಾಟಲಿ ಮಾಡುವ ಸ್ವಯಂಚಾಲಿತ ಯಂತ್ರ ರೂಪಿಸಿದರು. 1903ರ ಹೊತ್ತಿಗೆ ಅದು ಕೆಲಸ ಮಾಡುವ ಹಂತಕ್ಕೆ ಬಂತು, ಅದಕ್ಕೊಂದು ಕಂಪನಿಯೂ ಆಯಿತು. ದುಡ್ಡು ಹಾಕಿದ್ದು ಲಿಬ್ಬಿ.

ಈ ಯಂತ್ರ ಎರಡು ಕೆಲಸ ಒಟ್ಟಿಗೆ ಮಾಡಿತು. ಬಾಟಲಿ ಕಾರ್ಖಾನೆಗಳಲ್ಲಿ ಹುಡುಗರ ಸಂಖ್ಯೆ ಇಳಿಯೋಕೆ ಕಾನೂನಿನ ಜೊತೆ ಈ ಯಂತ್ರವೂ ದೊಡ್ಡ ಕಾರಣವಾಯಿತು. ಜೊತೆಗೇ ವರ್ಷಗಟ್ಟಲೆ ಕೈಪಳಗಿಸಿಕೊಂಡ ಬಾಟಲಿ ಊದುವವರ ಹೊಟ್ಟೆ ಮೇಲೂ ಹೊಡೆಯಿತು. ಲಾಭ ಮಾತ್ರ ಭರಪೂರ. ಮ್ಯೂಸಿಯಂಗೆ ಹೋದ ಲಿಬ್ಬಿಯ ಹಣದಲ್ಲಿ ಈ ಯಂತ್ರದ ಲಾಭದ ಪಾಲು ದೊಡ್ಡದು.

ಟೊಲೀಡೊ ಮ್ಯೂಸಿಯಂ ಸ್ಥಾಪನೆಯಾಗಿದ್ದು 1901ರಲ್ಲಿ, ಒಂದು ವಾಣಿಜ್ಯ ಕಟ್ಟಡದ ಬಾಡಿಗೆ ಕೋಣೆಗಳಲ್ಲಿ. ಲಿಬ್ಬಿ ಅಧ್ಯಕ್ಷರು. ಇಡೋಕೆ ಹೇಳಿಕೊಳ್ಳುವಂಥ ಸಂಗ್ರಹ ಇರಲಿಲ್ಲ. 1903ರಲ್ಲಿ ಜಾರ್ಜ್ ಸ್ಟೀವನ್ಸ್ ನಿರ್ದೇಶಕರಾದರು, ಅವರ ಪತ್ನಿ ನೀನಾ ಸ್ಪಾಲ್ಡಿಂಗ್ ಸ್ಟೀವನ್ಸ್ ಸಹಾಯಕ ನಿರ್ದೇಶಕಿ. ಜಾರ್ಜ್ ಕಲಾ ಇತಿಹಾಸದ ಪಂಡಿತರಲ್ಲ. ಪತ್ರಿಕೆ, ಜಾಹೀರಾತು ಕಡೆಯಿಂದ ಬಂದವರು, ಕವಿತೆ ಬರೆಯುವ ಹುಚ್ಚು, ನಕ್ಷತ್ರ ನೋಡುವ ಹುಚ್ಚು. ಬಹುಶಃ ಅದೇ ಒಳ್ಳೇದಾಯ್ತು ಅಂತ ನನಗನ್ಸುತ್ತೆ. ಗೋಡೆ ಮೇಲೆ ತೂಗುಹಾಕೋಕೆ ಹೆಚ್ಚೇನೂ ಇಲ್ಲದ ಮ್ಯೂಸಿಯಂನಲ್ಲಿ, ಜನರನ್ನು ಒಳಗೆ ತರೋದೇ ಮೊದಲ ಕೆಲಸ ಅಂತ ಈ ದಂಪತಿಗೆ ಹೊಳೆಯಿತು. ಅದರಲ್ಲೂ ಶಾಲಾ ಮಕ್ಕಳನ್ನ.

ಇದು ಎಷ್ಟು ವಿಚಿತ್ರ ಅಂತ ತಿಳಿಯೋಕೆ ಆ ಕಾಲದ ನ್ಯೂಯಾರ್ಕ್ ಕಡೆ ಒಮ್ಮೆ ನೋಡಬೇಕು. ಅಲ್ಲಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಭಾನುವಾರ ಬಾಗಿಲು ತೆಗೆಯೋಕೆ ಶುರುಮಾಡಿದ್ದೇ 1891ರಲ್ಲಿ, ಅದೂ ವರ್ಷಗಟ್ಟಲೆ ಜನರ ಒತ್ತಾಯ ಆದಮೇಲೆ. ವಾರಕ್ಕೆ ಆರು ದಿನ ದುಡಿಯೋ ಕಾರ್ಮಿಕನಿಗೆ ಭಾನುವಾರ ಮುಚ್ಚಿದ ಮ್ಯೂಸಿಯಂ ಉಚಿತವಾಗಿದ್ದರೇನು, ಸಾವಿರ ರೂಪಾಯಿ ಆಗಿದ್ದರೇನು? ನೋಡಿ, ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಉಚಿತ ಆಗಲ್ಲ. ಅವನು ಬರೋಕಾಗೋ ಹೊತ್ತಲ್ಲಿ ಬಾಗಿಲೂ ತೆಗೆದಿರಬೇಕು.

ನನ್ನದೇ ಒಂದು ನೆನಪು ಹೇಳಿಬಿಡ್ತೀನಿ. ಏಳನೇ ಕ್ಲಾಸಲ್ಲಿ ಶಾಲಾ ಪ್ರವಾಸಕ್ಕೆ ಹೋದಾಗ ಒಂದು ಮ್ಯೂಸಿಯಂಗೆ ನುಗ್ಗಿಸಿದರು. ಟಿಕೆಟ್ ಇರಲಿಲ್ಲ. ಕಾವಲಿನವರು ನಮ್ಮನ್ನು ಎರಡು ಸಾಲು ಮಾಡಿ, ಮುಟ್ಟಬೇಡಿ, ನಿಲ್ಲಬೇಡಿ, ಮುಂದೆ ನಡೀರಿ ಅಂತ ಒಂದು ಬಾಗಿಲಿಂದ ಒಳಗೆ ಬಿಟ್ಟು ಇನ್ನೊಂದು ಬಾಗಿಲಿಂದ ಆಚೆ ಬಿಟ್ಟರು. ಏಳೆಂಟು ನಿಮಿಷ ಆಗಿರಬಹುದು. ನನಗೆ ನೆನಪಿರೋದು ಮುಂದಿದ್ದ ಹುಡುಗನ ಬ್ಯಾಗು. ಆಚೆ ಬಂದು ನಾವೆಲ್ಲ ಐಸ್‌ಕ್ಯಾಂಡಿ ತಿಂದ್ವಿ, ಅದು ಚೆನ್ನಾಗಿ ನೆನಪಿದೆ.

ಸ್ಟೀವನ್ಸ್ ದಂಪತಿ ಮಾಡಿದ್ದು ಇದರ ಉಲ್ಟಾ. ಮಕ್ಕಳು ಬರಲಿ, ನಿಲ್ಲಲಿ, ಕೂತು ಚಿತ್ರ ಬರೀಲಿ. ಶಾಲೆಗಳ ಜೊತೆ ಒಪ್ಪಂದ, ಚಿತ್ರಗಳ ಮುಂದೆ ನಿಂತು ಮಾತು, ಮುಂದೆ ಶನಿವಾರದ ಉಚಿತ ತರಗತಿಗಳು. ಚಿತ್ರಕಲೆಯಿಂದ ಶುರುವಾದದ್ದಕ್ಕೆ ಸಂಗೀತವೂ ಸೇರಿತು. 1912ರಲ್ಲಿ ಮನ್ರೊ ಬೀದಿಯಲ್ಲಿ ಬಿಳಿ ಅಮೃತಶಿಲೆಯ, ಗ್ರೀಕ್ ದೇವಾಲಯದ ಹಾಗೆ ಕಾಣುವ ಸ್ವಂತ ಕಟ್ಟಡ ತೆರೆಯಿತು. ಜಾಗ ಲಿಬ್ಬಿಯ ಹೆಂಡತಿ ಫ್ಲಾರೆನ್ಸ್ ಸ್ಕಾಟ್ ಅವರ ತವರಿನದು. ಹೊರಗಿಂದ ನೋಡಿದರೆ ಮೆಟ್ಟಿಲು ಹತ್ತೋಕೇ ಹೆದರಿಕೆ ಆಗೋ ಅಂಥ ಕಟ್ಟಡ. ಅದರೊಳಗೆ ಶನಿವಾರ ಕಾರ್ಮಿಕರ ಮಕ್ಕಳ ಗಲಾಟೆ. ಅಪ್ಪ ಅದೇ ವಯಸ್ಸಿನಲ್ಲಿ ರಾತ್ರಿ ಪಾಳಿಯಲ್ಲಿ ಬಾಟಲಿ ಹೊತ್ತಿದ್ದರೆ, ಮಗಳು ಬಾಟಲಿ ಯಂತ್ರದ ದುಡ್ಡಲ್ಲಿ ಕಟ್ಟಿದ ಹಾಲ್‌ನಲ್ಲಿ ಕೂತು ಬಣ್ಣ ಹಚ್ಚುತ್ತಿರಬಹುದು. ಇಂಥ ಒಂದು ಮನೆಯಾದರೂ ಟೊಲೀಡೊದಲ್ಲಿ ಇದ್ದಿರಲೇಬೇಕು ಅಂತ ನನ್ನ ಊಹೆ.

ಲಿಬ್ಬಿ 1925ರಲ್ಲಿ ತೀರಿಕೊಂಡರು. ಮರುವರ್ಷ ಜಾರ್ಜ್ ಸ್ಟೀವನ್ಸ್ ಕೂಡ ಹೋದರು. ನನ್ನಂಥವನಿಗೆ ಅಸಲಿ ಕಥೆ ಶುರುವಾಗೋದೇ ಇಲ್ಲಿಂದ. ಯಾಕಂದ್ರೆ ಧಾರಾಳ ಮನಸ್ಸಿನ ದಣಿ ಬದುಕಿರೋ ತನಕ ಎಲ್ಲವೂ ಉಚಿತವೇ. ಅವರು ಹೋದ ಮೇಲೆ?

ಲಿಬ್ಬಿ ತಮ್ಮ ಆಸ್ತಿಯ ಬಹುಪಾಲನ್ನು ಉಯಿಲಿನ ಮೂಲಕ ಮ್ಯೂಸಿಯಂ ಕಡೆಗೆ ತಿರುಗಿಸಿದ್ದರು. ಅಸಲು ಹಾಗೇ ಇರಬೇಕು, ಅದರ ಆದಾಯದಿಂದ ಕೆಲಸ ನಡೀಬೇಕು. ನಾವು ಇದನ್ನ ದತ್ತಿ ನಿಧಿ ಅಂತೀವಿ. ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿ ಉಪನ್ಯಾಸಗಳಿಗೆ ಹೋಗಿದ್ದರೆ ನಿಮಗೆ ಗೊತ್ತು. ಯಾರೋ ಒಬ್ಬರು ತಂದೆ ತಾಯಿ ಹೆಸರಲ್ಲಿ ಒಂದಿಷ್ಟು ಹಣ ಇಟ್ಟಿರ್ತಾರೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಭಾಷಣ. ಬಡ್ಡಿ ದರ ಇಳಿದ ಹಾಗೆ ಬೆಲೆ ಏರಿದ ಹಾಗೆ ಅದೇ ಬಡ್ಡಿ ಹಾರ, ಶಾಲಿಗೂ ಸಾಲದೇ ಹೋಗುತ್ತೆ. ದತ್ತಿ ಇಡೋದು ಸುಲಭ, ಅದರ ಬೆಲೆ ಉಳಿಸಿಕೊಳ್ಳೋದು ಕಷ್ಟ.

ಈ ವಿದ್ಯೆ ನಮಗೆ ಹೊಸದಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಒಂದು ಶಾಸನ ಇದೆ. ದೂರದೂರಿನ ವಿದ್ಯಾರ್ಥಿಗಳು ಬಂದು ಉಳಿದು ಓದುತ್ತಿದ್ದ ಪಾಠಶಾಲೆಗೆ ಕೊಟ್ಟ ದತ್ತಿಯ ವಿವರ ಅದರಲ್ಲಿದೆ. ನನಗೆ ಅಚ್ಚರಿ ಹುಟ್ಟಿಸಿದ್ದು ಅದರ ಬಜೆಟ್. ಬರೀ ಇಷ್ಟು ಭೂಮಿ ಕೊಟ್ಟೆವು ಅಂತ ಹೇಳಿ ಮುಗಿಸಿಲ್ಲ. ದೀಪದ ಖರ್ಚಿಗೆ ಅಂತಲೇ ಬೇರೆ 12 ನಿವರ್ತನ ಭೂಮಿ. ಊರಲ್ಲಿ ಮದುವೆ ನಡೆದರೆ ಶಾಲೆಗೆ 5 ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರಲ್ಲೂ ಅರ್ಧ. ಅಂದ್ರೆ ಸ್ಥಿರ ಆದಾಯವೂ ಇದೆ, ಊರವರಿಂದ ಬರುವ ಚಿಲ್ಲರೆ ಆದಾಯವೂ ಇದೆ. ಇವತ್ತಿನ ಯಾವ ಚಾರ್ಟರ್ಡ್ ಅಕೌಂಟೆಂಟೂ ಮೆಚ್ಚುವ ಕೆಲಸ. ಆ ದೀಪದ ಕೆಳಗೆ ಕೂತು ಓದುವ ಹಕ್ಕು ಎಲ್ಲರ ಮಕ್ಕಳಿಗೂ ಇರಲಿಲ್ಲ ಅನ್ನೋದೂ ಅಷ್ಟೇ ನಿಜ. ವೇದ ಶಾಸ್ತ್ರ ಓದುವ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಅದು ಉಚಿತ. ಮದುವೆಗೆ ನಾಣ್ಯ ಕೊಟ್ಟ ಊರಿನ ಬೇರೆ ಮನೆಗಳ ಮಕ್ಕಳಿಗೆ ಬಾಗಿಲೇ ಇಲ್ಲ.

ಸರಿ, ಟೊಲೀಡೊಗೆ ವಾಪಸ್ ಬರೋಣ. 1929ರ ನಂತರದ ಆರ್ಥಿಕ ಕುಸಿತ ಈ ಊರನ್ನು ಬಲವಾಗಿ ಹೊಡೆಯಿತು. 1931ರಲ್ಲಿ ಊರಿನ ಹಲವು ಬ್ಯಾಂಕುಗಳು ಬಾಗಿಲು ಹಾಕಿದವು. ಎಲ್ಲರೂ ಖರ್ಚು ನಿಲ್ಲಿಸಿದ ಹೊತ್ತಲ್ಲಿ ಮ್ಯೂಸಿಯಂ ಕಟ್ಟಡದ ಎರಡೂ ಬದಿಗೆ ಭಾರಿ ಹೊಸ ಭಾಗಗಳನ್ನು ಕಟ್ಟೋಕೆ ನಿರ್ಧರಿಸಿತು. ದುಡ್ಡು ಲಿಬ್ಬಿ ನಿಧಿಯದು. ಫ್ಲಾರೆನ್ಸ್ ಅವರೂ ತಮಗೆ ಬರಬೇಕಿದ್ದ ಪಾಲನ್ನು ಬಿಟ್ಟುಕೊಟ್ಟರು. ಸುಮಾರು 2,500 ಜನರಿಗೆ ಆ ಕಷ್ಟಕಾಲದಲ್ಲಿ ಕೆಲಸ ಸಿಕ್ಕಿತು. ಹೊಸ ಭಾಗದಲ್ಲಿ 1,750 ಜನ ಕೂರುವ ‘ಪೆರಿಸ್ಟೈಲ್’ ಎಂಬ ಸಂಗೀತ ಸಭಾಂಗಣ 1933ರ ಜನವರಿಯಲ್ಲಿ ಶುರುವಾಯಿತು. ಜೊತೆಗೆ ತರಗತಿಗಳಿಗೂ ಜಾಗ ಬಂತು. ಬರಗಾಲದಲ್ಲಿ ಕೆರೆ ತೋಡಿಸಿ ಕೂಲಿ ಕೊಡ್ತಿದ್ರಲ್ಲ, ಹಾಗೆ.

ಇನ್ನೊಂದು ಮೂವತ್ತು ವರ್ಷ ಮುಂದೆ ಹೋಗೋಣ. 1962, ಮಾರ್ಚ್. ಮ್ಯೂಸಿಯಂ ಆವರಣದ ಒಂದು ಗ್ಯಾರೇಜು.

ಹಾರ್ವಿ ಲಿಟಲ್‌ಟನ್ ಎಂಬ ಕುಂಬಾರಿಕೆಯ ಮೇಷ್ಟ್ರು, ಹಿಂದೆ ಇದೇ ಮ್ಯೂಸಿಯಂನಲ್ಲಿ ಪಾಠ ಮಾಡಿದವರು. ಅವರ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಮಡಕೆ ಮಾಡುವವನು ತನ್ನ ಕೋಣೆಯಲ್ಲಿ ಒಬ್ಬನೇ ಕೂತು ಮಾಡಬಹುದಾದರೆ, ಗಾಜಿಗೆ ಮಾತ್ರ ಕಾರ್ಖಾನೆ ಯಾಕೆ ಬೇಕು? ಆಗಿನ ನಿರ್ದೇಶಕ ಆಟೊ ವಿಟ್‌ಮನ್ ಜಾಗ ಕೊಟ್ಟರು. ಬೆರಳೆಣಿಕೆ ಜನ ಸೇರಿದರು, ಸಣ್ಣ ಕುಲುಮೆ ಕಟ್ಟಿದರು. ಮೊದಲ ಪ್ರಯತ್ನ ಕೆಟ್ಟಿತು, ಗಾಜು ಸರಿಯಾಗಿ ಕರಗಲೇ ಇಲ್ಲ. ಆಗ ಡೊಮಿನಿಕ್ ಲಬೀನೊ ಎಂಬ ಕೈಗಾರಿಕಾ ಸಂಶೋಧಕ, ಫೈಬರ್‌ಗ್ಲಾಸ್ ತಯಾರಿಕೆಗೆ ಬಳಸುವ ಗಾಜಿನ ಗೋಲಿಗಳನ್ನು ಕರಗಿಸಿ ನೋಡಿ ಅಂದರು. ಅದು ಕರಗಿತು. ಆದರೆ ಈ ಕಲಾವಿದರಿಗೆ ಊದೋಕೆ ಎಲ್ಲಿ ಬರುತ್ತೆ? ಅದನ್ನ ತೋರಿಸಿಕೊಟ್ಟವರು ಹಾರ್ವಿ ಲೀಫ್‌ಗ್ರೀನ್, ಲಿಬ್ಬಿ ಕಾರ್ಖಾನೆಯಲ್ಲಿ ಗಾಜು ಊದಿ ನಿವೃತ್ತರಾಗಿದ್ದವರು.

ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಗಳಿಗೆ ಇದು. ಯಂತ್ರ ಬಂದ ಮೇಲೆ ಮೂಲೆಗೆ ಸರಿದಿದ್ದ ಕೈವಿದ್ಯೆ, ಯಂತ್ರದ ಲಾಭದಲ್ಲಿ ಬೆಳೆದ ಮ್ಯೂಸಿಯಂನ ಹಿತ್ತಲಲ್ಲಿ ಮತ್ತೆ ಉಸಿರಾಡಿತು. ಕಲಿಸಿದವರು ಪ್ರೊಫೆಸರ್ ಅಲ್ಲ, ನಿವೃತ್ತ ಕೆಲಸಗಾರ. ಕೂತು ಕಲಿತವರು ಮೇಷ್ಟ್ರುಗಳು. ಜೂನ್‌ನಲ್ಲಿ ಇನ್ನೊಂದು ಕಮ್ಮಟ ನಡೆಯಿತು. ಆಮೇಲೆ ಲಿಟಲ್‌ಟನ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗಾಜಿನ ಕಲೆಯ ಪಾಠ ಶುರುಮಾಡಿದರು. ಇವತ್ತು ಜಗತ್ಪ್ರಸಿದ್ಧರಾದ ಡೇಲ್ ಚಿಹೂಲಿ ಅಲ್ಲಿಯ ವಿದ್ಯಾರ್ಥಿ. ‘ಸ್ಟುಡಿಯೊ ಗ್ಲಾಸ್’ ಚಳವಳಿಯ ಇತಿಹಾಸ ಹೇಳುವವರು ಅಮೆರಿಕದ ಮಟ್ಟಿಗೆ ಆ ಗ್ಯಾರೇಜಿನಿಂದಲೇ ಶುರುಮಾಡ್ತಾರೆ. 2006ರಲ್ಲಿ ಮ್ಯೂಸಿಯಂ ಬೀದಿಯ ಆಚೆ ಬದಿಗೆ ಜಪಾನಿನ ಸಾನಾ ಸಂಸ್ಥೆಯ ವಾಸ್ತುಶಿಲ್ಪಿಗಳಿಂದ ಗಾಜಿನ ಗೋಡೆಗಳ ‘ಗ್ಲಾಸ್ ಪೆವಿಲಿಯನ್’ ಕಟ್ಟಿಸಿತು. ಅಕ್ಕನ ವಿಡಿಯೊ ಅಲ್ಲಿಯದು.

ಇಷ್ಟೊಳಗೆ ಊರು ಮಾತ್ರ ಕುಗ್ಗುತ್ತಾ ಬಂದಿತ್ತು. 1970ರಲ್ಲಿ 3.8 ಲಕ್ಷ ದಾಟಿದ್ದ ಟೊಲೀಡೊದ ಜನಸಂಖ್ಯೆ 2020ಕ್ಕೆ 2.7 ಲಕ್ಷದಷ್ಟಾಯಿತು. ಅದೇ 2020ರಲ್ಲಿ ಲಿಬ್ಬಿ ಕಂಪನಿಯೇ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಕಂಪನಿ ಕೋರ್ಟ್ ಮೆಟ್ಟಿಲು ಹತ್ತಿದರೂ ಮ್ಯೂಸಿಯಂ ಬಾಗಿಲು ಮುಚ್ಚಲಿಲ್ಲ, ಯಾಕಂದ್ರೆ ಖಾತೆ ಬೇರೆ ಬೇರೆ.

ಇಲ್ಲಿಂದ ಉತ್ತರಕ್ಕೆ ಕಾರಲ್ಲಿ ಒಂದು ಗಂಟೆ ಹೋದರೆ ಡೆಟ್ರಾಯಿಟ್. ಅಲ್ಲಿನ ಕಲಾ ಮ್ಯೂಸಿಯಂ ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್ ಇನ್ನೂ ದೊಡ್ಡದು. ಆದರೆ ಅದರ ಕಟ್ಟಡ, ಸಂಗ್ರಹ ಎರಡೂ ನಗರಾಡಳಿತದ ಸ್ವತ್ತು. 2013ರಲ್ಲಿ ನಗರವೇ ದಿವಾಳಿಯಾದಾಗ ಸಾಲ ಕೊಟ್ಟವರ ಕಣ್ಣು ಗೋಡೆ ಮೇಲಿನ ಚಿತ್ರಗಳ ಮೇಲೆ ಬಿತ್ತು. ಹರಾಜು ಸಂಸ್ಥೆ ಕ್ರಿಸ್ಟೀಸ್ ಬಂದು, ನಗರದ ದುಡ್ಡಲ್ಲಿ ಕೊಂಡ ಕೃತಿಗಳಿಗೆ ಬೆಲೆ ಕಟ್ಟಿತು: 45.4 ಕೋಟಿಯಿಂದ 86.7 ಕೋಟಿ ಡಾಲರ್. ಒಂದು ಕಡೆ ನಿವೃತ್ತ ಪೌರಕಾರ್ಮಿಕರ ಪಿಂಚಣಿ, ಇನ್ನೊಂದು ಕಡೆ ಮಕ್ಕಳು ನೋಡೋ ಚಿತ್ರ. ಯಾವುದನ್ನ ಬಿಡ್ತೀರಿ? ಕೊನೆಗೆ ಪ್ರತಿಷ್ಠಾನಗಳು, ರಾಜ್ಯ ಸರ್ಕಾರ, ಮ್ಯೂಸಿಯಂ ಸೇರಿ ಪಿಂಚಣಿಗೆ ದುಡ್ಡು ಹೊಂದಿಸಿ, 2014ರಲ್ಲಿ ಸಂಗ್ರಹವನ್ನು ನಗರದ ಕೈಯಿಂದ ಬಿಡಿಸಿ ಸ್ವತಂತ್ರ ಸಂಸ್ಥೆಗೆ ಒಪ್ಪಿಸಿದರು.

ಹಾಗಾದ್ರೆ ಸರ್ಕಾರದ ಕೈಯಲ್ಲಿ ಇರೋದೇ ತಪ್ಪು, ಸಾಹುಕಾರರಿಗೆ ಕೊಟ್ಟುಬಿಡೋಣ ಅಂತೀರಾ? ನಾನು ಅಷ್ಟು ಬೇಗ ಆ ಮಾತಿಗೆ ಬರಲ್ಲ. ಬೆಂಗಳೂರಲ್ಲೇ 2015ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ‘ದತ್ತು’ ಕೊಡುವ ಒಪ್ಪಂದ ಆದಾಗ ಕಲಾವಿದರು ಬೀದಿಗಿಳಿದರು. ನಿರ್ವಹಣೆ ಕೆಟ್ಟಿದೆ ಅನ್ನೋದನ್ನ ಅವರೂ ಒಪ್ಪಿದ್ದರು. ಅವರ ಭಯ ಬೇರೆ: ಅಷ್ಟೇನೂ ಹೆಸರು ಮಾಡದ ಹುಡುಗನೊಬ್ಬ ಕಡಿಮೆ ಬಾಡಿಗೆಗೆ ತನ್ನ ಚಿತ್ರ ತೂಗುಹಾಕಬಹುದಾದ ಜಾಗ, ದಾರಿಹೋಕರು ಸುಮ್ಮನೆ ಒಳಗೆ ಬರಬಹುದಾದ ಜಾಗ ಹಾಗೇ ಉಳಿಯುತ್ತಾ ಅಂತ. ಆ ಒಪ್ಪಂದ ಮುಂದುವರಿಯಲಿಲ್ಲ. ಲಿಬ್ಬಿಯಂಥ ಒಬ್ಬರು ಒಳ್ಳೆ ಉಯಿಲು ಬರೆದರು ಅಂತ ಎಲ್ಲ ಸಾಹುಕಾರರೂ ಬರೀತಾರೆ ಅನ್ನೋಕಾಗಲ್ಲ. ಬರೆದರೂ ಆಡಳಿತ ಮಂಡಳಿಯನ್ನು ಊರಿನ ಜನ ವೋಟು ಹಾಕಿ ಇಳಿಸೋಕಾಗಲ್ಲ.

ಡೆಟ್ರಾಯಿಟ್ ದಿವಾಳಿಯಾಗೋ ಹಿಂದಿನ ವರ್ಷ ಇನ್ನೊಂದು ಘಟನೆ ನಡೆದಿತ್ತು, ಅದಕ್ಕೆ ಅಷ್ಟು ಸುದ್ದಿ ಆಗಲಿಲ್ಲ. 2012ರ ಆಗಸ್ಟ್‌ನಲ್ಲಿ ಸುತ್ತಲಿನ ಮೂರು ಕೌಂಟಿಗಳ ಜನ, ಅಂದ್ರೆ ನಮ್ಮ ಜಿಲ್ಲೆ ಅಂದುಕೊಳ್ಳಿ, ಮ್ಯೂಸಿಯಂಗೋಸ್ಕರ ತಮ್ಮ ಆಸ್ತಿ ತೆರಿಗೆಗೆ ಒಂದು ಸಣ್ಣ ಮೊತ್ತ ಸೇರಿಸಿಕೊಳ್ಳೋಕೆ ಮತ ಹಾಕಿ ಒಪ್ಪಿಗೆ ಕೊಟ್ಟರು. ಬದಲಿಗೆ ಆ ಮೂರು ಕೌಂಟಿಯವರಿಗೆ ಪ್ರವೇಶ ಉಚಿತ, ಶಾಲೆಗಳಿಗೆ ಕಾರ್ಯಕ್ರಮಗಳು. 2020ರಲ್ಲಿ ಮತ್ತೆ ಮತಕ್ಕೆ ಹಾಕಿದಾಗಲೂ ಗೆದ್ದಿತು. ಉಯಿಲು ಬರೆಯುವ ದಣಿ ಇಲ್ಲಿಲ್ಲ, ಅವಧಿ ಮುಗಿದಾಗಲೆಲ್ಲ ಜನರ ಮುಂದೆ ಕೈಯೊಡ್ಡಬೇಕು. ಸಾಲೋಟಗಿಯ ಮದುವೆ ನಾಣ್ಯ ನೆನಪಾಯ್ತು ನನಗೆ. ಒಂದೇ ವ್ಯತ್ಯಾಸ, ಇಲ್ಲಿ ನಾಣ್ಯ ಕೊಟ್ಟ ಮನೆಗಳ ಮಕ್ಕಳು ಒಳಗೂ ಹೋಗಬಹುದು.

ಈ ಸಂಚಿಕೆ ರೆಕಾರ್ಡ್ ಮಾಡೋ ಮುಂಚೆ ಅಕ್ಕನಿಗೆ ಫೋನ್ ಮಾಡಿದ್ದೆ. ಟೊಲೀಡೊದು ಉಚಿತ, ಡೆಟ್ರಾಯಿಟ್‌ದೂ ನಿಮಗೆ ಉಚಿತ, ಅದೃಷ್ಟವಂತರು ನೀವು ಅಂದೆ.

“ಡೆಟ್ರಾಯಿಟ್‌ದು ಫ್ರೀ ಅಂತ ಯಾರೋ ಹೇಳಿದ್ದು ನಿಂಗೆ?” ಅಂದ್ರು. “ಟ್ಯಾಕ್ಸ್ ಕಟ್ಟೋರು ನಾವು.” ಐದು ನಿಮಿಷದಲ್ಲಿ ಮನೆ ತೆರಿಗೆ ಬಿಲ್‌ನ ಫೋಟೊ ಬಂತು. ಶಾಲೆ, ರಸ್ತೆ, ಉದ್ಯಾನ ಅಂತ ಉದ್ದನೆಯ ಪಟ್ಟಿ, ಅದರ ಮಧ್ಯೆ ಮ್ಯೂಸಿಯಂ ಹೆಸರಲ್ಲೂ ಒಂದು ಸಾಲು. ಅದರ ಪಕ್ಕ ಪೆನ್ನಲ್ಲಿ ಒಂದು ಟಿಕ್ ಹಾಕಿದ್ರು.